ಡೆನ್ಜಿಲನ ಬಾವಿ, ವಿಲ್ಡಾಳ ಬಯಲು

ಟ್ಯಾನರ್ ಹಳ್ಳದ ಉದ್ದಕ್ಕೂ ಬೆಂಕಿಗೆ ಕಾಸು ಕೊಡದೆ ಬದುಕಿದ ಗಂಡಸು ಒಬ್ಬನೇ, ಡೆನ್ಜಿಲ್ ಕಟ್‌ಲಿಪ್. ಉಳಿದ ನಾವೆಲ್ಲ ಸೌದೆ ಸೀಳಿ ಸೊಂಟ ಮುರಿದುಕೊಂಡೆವು, ಇಲ್ಲವೇ ಲಾರಿಯಲ್ಲಿ ಬರುವ ಗ್ಯಾಸಿಗೆ ದುಡ್ಡು ಸುರಿದೆವು. ಅವನ ಮನೆಯ ಹಿಂದಿನ ಇಳಿಜಾರಿನಲ್ಲಿ ಅವನ ತಾತನ ಕಾಲದ ಗ್ಯಾಸ್ ಬಾವಿ ಇತ್ತು. ಬಾವಿಯೆಂದರೆ ನೆಲದಿಂದ ಮೊಣಕಾಲೆತ್ತರ ಎದ್ದ ಒಂದು ಕಬ್ಬಿಣದ ಕೊಳವೆ, ಅದರ ನೆತ್ತಿಯ ಮೇಲೊಂದು ತಿರುಗಣೆ. ಅಲ್ಲಿಂದ ಹೆಬ್ಬೆರಳು ದಪ್ಪದ ಇನ್ನೊಂದು ಕೊಳವೆ ಹುಲ್ಲಿನೊಳಗೆ ಹರಿದು ನೇರ ಅವರ ಅಡುಗೆಮನೆಗೆ ಹೋಗುತ್ತಿತ್ತು. ಹಿಮ ಬಿದ್ದ ದಿನ ಅವನ ಮನೆಗೆ ಹೋದರೆ ಅಂಗಿ ಬಿಚ್ಚಿ ಕೂರುವಷ್ಟು ಸೆಕೆ. ಬೇಕೆಂದೇ ಕಿಟಕಿ ತೆರೆದಿಟ್ಟು, "ಏನೋ ಇವತ್ತು ಒಲೆ ಜಾಸ್ತಿಯಾಯ್ತು" ಅನ್ನುತ್ತಿದ್ದ. ನಮ್ಮ ಹೊಟ್ಟೆ ಉರಿಯಲಿ ಅಂತಲೇ ಹಾಗೆ ಅನ್ನುತ್ತಿದ್ದುದು. ಉರಿಯುತ್ತಲೂ ಇತ್ತು.

ಆ ಬಾವಿಯ ಹಿಂದೆ ಒಂದು ಹಳೆಯ ಕರಾರಿತ್ತು. ಅವನ ತಾತ ಗುಡ್ಡ, ಬಯಲು, ಹಳ್ಳ ಎಲ್ಲ ಸೇರಿಸಿ ಇಡೀ ಜಮೀನಿನ ಅಡಿಯನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದ. ಬಂದ ಗ್ಯಾಸಿನಲ್ಲಿ ಎಂಟನೇ ಒಂದು ಪಾಲು ಮನೆಗೆ. ಮನೆಯ ಒಲೆಗೆ ಬೇಕಾದಷ್ಟು ಬಿಟ್ಟಿ. ಒಲೆ ಉರಿಸುವಷ್ಟು ಗ್ಯಾಸ್ ಬರುತ್ತಿರುವವರೆಗೂ ಗುತ್ತಿಗೆ ಜೀವಂತ. ಬಾವಿ ಒಂದು ವರ್ಷ ಪೂರ್ತಿ ಸುಮ್ಮನಾದರೆ ನೆಲದಡಿಯದ್ದೆಲ್ಲ ಮನೆಯವರಿಗೆ ವಾಪಸ್. ಕಂಪನಿಯವರು ಎಲ್ಲಿ ಅಗೆಯಬಹುದು, ಎಲ್ಲಿ ಅಗೆಯಬಾರದು ಅನ್ನುವುದರ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಕುದುರೆಗಾಡಿಯಲ್ಲಿ ಬಂದು ಕೊರೆದು ಹೋಗುವ ಕಾಲ ಅದು. ಐದೆಕರೆ ಮಟ್ಟ ಮಾಡಿ, ಜಲ್ಲಿ ಸುರಿದು, ಅದರ ಮೇಲೆ ಗೋಪುರದಂಥ ಯಂತ್ರ ನಿಲ್ಲಿಸುವ ಕಾಲ ಬರುತ್ತದೆಂದು ಆ ಮುದುಕನಿಗೆ ಕನಸು ಬಿದ್ದಿತ್ತೇ?

ಆ ಕಂಪನಿ ಕೈಯಿಂದ ಕೈಗೆ ಮಾರಾಟವಾಗಿ, ಬಾವಿಯ ಕಡೆ ತಲೆ ಹಾಕುವವರೇ ಇಲ್ಲವಾದರು. ಊರಾಚೆ ಗ್ಯಾಸ್ ಸಾಗಿಸುತ್ತಿದ್ದ ಕೊಳವೆ ತುಕ್ಕು ಹಿಡಿದು ಮಣ್ಣಾಯಿತು. ಡೆನ್ಜಿಲನೇ ಅದಕ್ಕೆ ಗಂಡು ದಿಕ್ಕು. ಇಂಥ ಬಾವಿಯ ತಳದಲ್ಲಿ ನೀರು ಸೇರಿಕೊಂಡು ಗ್ಯಾಸನ್ನು ಅದುಮಿಡುತ್ತದೆ. ತಿರುಗಣೆ ಮುಚ್ಚಿ, ಒಳಗೆ ಒತ್ತಡ ಕೂರುವವರೆಗೆ ಕಾದು, ಒಂದೇ ಏಟಿಗೆ ಬಿಚ್ಚಬೇಕು. ಆಗ ನೀರು, ಕೆಸರು, ಗಾಳಿ ಎಲ್ಲ ಗುಡುಗಿಕೊಂಡು ಮೇಲೆ ಬಂದು ಬಾವಿ ಹಗುರಾಗುತ್ತದೆ. ಇದಕ್ಕೆ ನಾವು ಬಾವಿ ಊದುವುದು ಅನ್ನುತ್ತೇವೆ. ಡೆನ್ಜಿಲ್ ಊದಿದರೆ ಹಳ್ಳದ ಕೆಳತುದಿಗೂ ಕೇಳುತ್ತಿತ್ತು. ಹಸುವಿನ ಹೊಟ್ಟೆಗೆ ಕಿವಿಯಿಟ್ಟ ಗೋವೈದ್ಯನಂತೆ ಕೊಳವೆಗೆ ಕಿವಿಯಿಟ್ಟು, "ಇನ್ನೂ ಇಲ್ಲ, ಇನ್ನೂ ಇಲ್ಲ" ಅನ್ನುತ್ತ ಕೂತಿರುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ಅವನ ತಂಗಿ ವಿಲ್ಡಾ. ಅಪ್ಪ ಸತ್ತಾಗ ಮನೆಯೂ ಗುಡ್ಡವೂ ಡೆನ್ಜಿಲನಿಗೆ ಬಂತು, ಹಳ್ಳದ ಪಕ್ಕದ ಬಯಲು ವಿಲ್ಡಾಳಿಗೆ ಬಂತು. ನಮ್ಮ ಸೀಮೆಯಲ್ಲಿ ನೆಲವೆಲ್ಲ ಗೋಡೆಯ ಹಾಗೆ ನಿಂತಿರುವುದು. ಇಟ್ಟ ಚೆಂಡು ಇಟ್ಟಲ್ಲೇ ನಿಲ್ಲುವ ಜಾಗ ಅಂತಿದ್ದರೆ ಅದು ವಿಲ್ಡಾಳ ಬಯಲು ಒಂದೇ. ಕಪ್ಪು ಮಣ್ಣು, ಕೈಯಲ್ಲಿ ಹಿಡಿದರೆ ಮುದ್ದೆಯ ಹಾಗೆ ಕೂರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಅಲ್ಲಿ ಸಿಹಿಜೋಳ ಬೆಳೆದು, ಅದರ ರಸದ ದಂಟನ್ನು ಕಬ್ಬಿನ ಹಾಗೆ ಗಾಣದಲ್ಲಿ ಅರೆದು, ಜೋನಿಬೆಲ್ಲ ಕಾಯಿಸಿ ಮಾರುತ್ತಿದ್ದಳು. ಶರತ್ಕಾಲ ಬಂತೆಂದರೆ ಹೇಸರಗತ್ತೆ ಗಾಣಕ್ಕೆ ಸುತ್ತು ಬರುತ್ತಿತ್ತು, ಉದ್ದನೆಯ ಕಡಾಯಿಯಲ್ಲಿ ಹಸಿರು ರಸ ಕುದಿಯುತ್ತಿತ್ತು, ಊರವರೆಲ್ಲ ಅಲ್ಲಿರುತ್ತಿದ್ದೆವು. ನೊರೆ ತೆಗೆಯುವುದು ಮಾತ್ರ ಅವಳೇ, ತನ್ನ ಉದ್ದ ಹಿಡಿಯ ಹುಟ್ಟನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಆ ಬೆಲ್ಲ ಆಗಷ್ಟೇ ಸುಟ್ಟ ಮೆತ್ತನೆಯ ಬಿಸ್ಕತ್ತಿನ ಮೇಲೆ ಸುರಿದು ತಿಂದವನು ಇನ್ನೊಬ್ಬರ ಬೆಲ್ಲವನ್ನು ಬಾಯಿಗಿಡಲಾರ.

ನಮ್ಮ ಕಾಲಡಿಯ ಬಂಡೆಯೊಳಗೇ ಗ್ಯಾಸಿದೆ ಅಂತ ದೊಡ್ಡ ಕಂಪನಿಗಳಿಗೆ ಗೊತ್ತಾದ ವರ್ಷ ಗುತ್ತಿಗೆ ಬರೆಸುವ ಹುಡುಗರು ಸಾಲುಗಟ್ಟಿ ಬಂದರು. ಹೊಸ ಬೂಟು, ತೊಳೆದ ಜೀಪು. ಅಡುಗೆಮನೆಯಲ್ಲಿ ಕೂತು ನಮ್ಮ ಹೆಂಗಸರ ಕಡುಬು ಹೊಗಳುವುದು, ನಾಯಿಯ ಹೆಸರು ಕೇಳುವುದು, ಆಮೇಲೆ ಕಾಗದ ತೆಗೆಯುವುದು. ಅವರಲ್ಲಿ ಕೋಲ್‌ಮನ್ ರೀವ್ಸ್ ಅನ್ನುವವನು ಚೂಟಿ. ಮಾತು ಕಡಿಮೆ, ಕಿವಿ ಜಾಸ್ತಿ.

ನಾವೇನು ಹಾಲು ಕುಡಿಯುವ ಮಕ್ಕಳಲ್ಲ. ಒಬ್ಬೊಬ್ಬರೇ ಸಹಿ ಹಾಕಬಾರದು ಅಂತ ಮಾತಾಡಿಕೊಂಡು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಓಕಿ ಸ್ಟಾರ್ಚರ್ ನಮ್ಮ ಬಾಯಿ. ಅವನು ದನದ ವ್ಯಾಪಾರದಲ್ಲಿ ಕೂದಲು ನರೆತವನು.

"ನೋಡು ತಮ್ಮಾ," ಅಂದ ಓಕಿ ರೀವ್ಸನಿಗೆ, "ನೀನು ಮೊದಲು ಹೇಳಿದ ಬೆಲೆಗೂ ಇವತ್ತು ಹೇಳ್ತಿರೋದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಸುಳ್ಳು ಹೇಳಿದ್ದು ಅವತ್ತೋ, ಇವತ್ತೋ?"

"ಎರಡೂ ದಿನ ನಿಜಾನೇ ಯಜಮಾನ್ರೆ. ಮಾರ್ಕೆಟ್ಟು ಏರ್ತು."

"ಹಂಗಾದ್ರೆ ಇನ್ನೊಂಚೂರು ಏರ್ಲಿ, ಕಾಯ್ತೀವಿ. ನಮ್ಮ ನೆಲ ಏನು ಕದ್ದು ಓಡಿಹೋಗೋ ಹೆಣ್ಣಲ್ಲ."

ಹೀಗೆ ಜಗ್ಗಾಡಿ ಜಗ್ಗಾಡಿ ಕೊನೆಗೆ ಒಳ್ಳೆಯ ಪಾಲಿಗೇ ಒಪ್ಪಿಸಿದೆವು. ಪಾಲಿಗಿಂತ ದೊಡ್ಡದು ಇನ್ನೊಂದು: ಮನೆ, ನೀರಿನ ಊಟೆ, ಉಳುವ ಬಯಲು, ಈ ಮೂರರ ಹತ್ತಿರ ಯಂತ್ರ ಸುಳಿಯಬಾರದು ಅಂತ ಕೊನೆಯ ಪುಟದಲ್ಲಿ ಬರೆಸಿಕೊಂಡೆವು. ವಿಲ್ಡಾಳಿಗೆ ಬೇಕಿದ್ದುದು ಆ ಪುಟ. ದುಡ್ಡಿನ ಮಾತು ಬಂದಾಗ ಅವಳು ಹೊರಗೆ ಹೋಗಿ ಸಿಗರೇಟು ಸೇದುತ್ತಿದ್ದಳು.

ಆದರೆ ಅವಳ ಬಯಲೂ ತಾತನ ಗುತ್ತಿಗೆಯೊಳಗೇ ಇತ್ತು. ಗುಡ್ಡದ ಮೇಲೆ ಅಣ್ಣನ ಬಾವಿ ಉಸಿರಾಡುತ್ತಿರುವವರೆಗೆ ಕೆಳಗಿನ ಬಯಲು ಕಂಪನಿಯ ಕೈಯಲ್ಲಿ. ಆ ಹಳೆಯ ಗುತ್ತಿಗೆಯನ್ನು ರೀವ್ಸನ ಕಂಪನಿಯವರು ಕೊಂಡುಕೊಂಡದ್ದೂ ಆಗಿತ್ತು.

ಪುಣ್ಯಕ್ಕೆ ಆ ಹೊತ್ತಿಗೆ ಒಂದು ಸಂಗತಿ ನಡೆದಿತ್ತು. ಹಿಂದಿನ ಅಕ್ಟೋಬರಿನಲ್ಲಿ ಬಾವಿ ನೀರು ತುಂಬಿಕೊಂಡು ನಿಂತುಹೋಗಿತ್ತು. ಊದಲು ಹೊರಟ ಡೆನ್ಜಿಲನನ್ನು ವಿಲ್ಡಾ ತಡೆದು ಪೇಟೆಯ ವಕೀಲೆ ಟೆನ್ನಂಟಮ್ಮನ ಹತ್ತಿರ ಕರೆದುಕೊಂಡು ಹೋದಳು.

"ಯಜಮಾನ್ರೆ," ಅಂದರಂತೆ ಆಕೆ, "ನೀವು ಮಾಡಬೇಕಾದ ಕೆಲಸ ಒಂದೇ. ಏನೂ ಮಾಡಬಾರದು. ಮುಂದಿನ ಅಕ್ಟೋಬರ್‌ವರೆಗೂ ಅದರ ತಂಟೆಗೆ ಹೋಗಬೇಡಿ. ಹಳೇ ಕರಾರು ತಾನಾಗೇ ಸಾಯುತ್ತೆ. ಆಮೇಲೆ ನಿಮ್ಮ ತಂಗಿ ಬೇಕಾದ್ದು ಬರೆಸ್ಕೋಬಹುದು."

"ಏನೂ ಮಾಡದೆ ಇರೋದು ನನಗೆ ಬರಲ್ಲ ಕಣಮ್ಮ."

"ಕಲಿತ್ಕೋ ಅಣ್ಣ," ಅಂದಳು ವಿಲ್ಡಾ. "ನನಗೋಸ್ಕರ."

ಅವನು ತಲೆಯಾಡಿಸಿದ. ಆ ಚಳಿಗಾಲ ಪೂರ್ತಿ ಮಾತು ಉಳಿಸಿಕೊಂಡ. ಅದು ಅವನಿಗೆ ಸುಲಭವಿರಲಿಲ್ಲ. ಹಜಾರಕ್ಕೆ ಸೌದೆ ಒಲೆ ಬಂತು. ಹೆಂಡತಿ ನಿಯೋಮಾ ಅಡುಗೆಗೆ ಒಂದು ಕರೆಂಟ್ ಒಲೆ ತಂದು, ಯಾರಿಗೂ ಕಾಣದಿರಲೆಂದು ಉಗ್ರಾಣದ ಮೂಲೆಯಲ್ಲಿಟ್ಟಳು. ಆದರೆ ನಮ್ಮೂರಲ್ಲಿ ಬೆಕ್ಕು ಮರಿ ಹಾಕಿದರೂ ಗೊತ್ತಾಗುತ್ತದೆ. ದನದ ಮೇವಿನ ಅಂಗಡಿಯಲ್ಲಿ ಅವನು ಕಂಡರೆ ಸಾಕು, ಓಕಿ ಶುರು ಮಾಡುತ್ತಿದ್ದ.

"ಏನ್ಲಾ ಡೆನ್ಜಿಲ್, ನಿಮ್ಮನೇಲೂ ಕರೆಂಟ್ ಬಿಲ್ ಬರ್ತದಂತೆ? ಚಳಿ ಅಂದ್ರೆ ಏನು ಅಂತ ಈ ವಯಸ್ಸಲ್ಲಿ ಕಲಿತಿದೀಯ ಬಿಡು."

"ನಗು, ನಗು. ಅದು ಮಲಗಿದೆ ಅಷ್ಟೇ."

"ನಮ್ಮಜ್ಜನೂ ಹಂಗೇ ಮಲಗಿದ್ದ. ಹೂಳಬೇಕಾಯ್ತು."

ನಾವೂ ನಕ್ಕೆವು. ಅರವತ್ತು ವರ್ಷ ಬೆಚ್ಚಗೆ ಕೂತು ನಮ್ಮನ್ನು ಆಡಿಕೊಂಡವನು ಈಗ ಕೈಗೆ ಸಿಕ್ಕಿದ್ದ. ನಗಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ರೀವ್ಸ್ ಅವನ ಮನೆಗೆ ಬಂದ. ಈ ಭಾಗವನ್ನು ನಿಯೋಮಾ ಹೇಳಿ ನಾನು ಕೇಳಿದ್ದು. ಡೆನ್ಜಿಲ್ ಜಗುಲಿಯ ಮೇಲೆ ಬೀನ್ಸ್ ಬಿಡಿಸುತ್ತಿದ್ದ. ರೀವ್ಸ್ ಕಾಗದ ತೆಗೆಯಲಿಲ್ಲ, ಕೂರಲೂ ಇಲ್ಲ. ಇಳಿಜಾರಿನ ಕಡೆ ನೋಡುತ್ತ ನಿಂತ.

"ಅದೇನಾ ಆ ಬಾವಿ? ನಮ್ಮ ಆಫೀಸಲ್ಲಿ ಸತ್ತೋಗಿದೆ ಅಂತ ಬರ್ಕೊಂಡಿದಾರೆ."

"ಯಾರು ಬರ್ಕೊಂಡಿದ್ದು?"

"ಯಾರೋ. ಬಿಡಿ ಯಜಮಾನ್ರೆ, ವಯಸ್ಸಾಯ್ತಲ್ಲ. ಎಲ್ಲಕ್ಕೂ ಒಂದು ಕೊನೆ ಅಂತಿರುತ್ತೆ. ನೋಡ್ಕೊಳ್ಳೋರು ಇದ್ದಿದ್ರೆ ಇನ್ನೂ ಸ್ವಲ್ಪ ದಿನ ಇರ್ತಿತ್ತೇನೋ."

ಡೆನ್ಜಿಲನ ಕೈಯಲ್ಲಿದ್ದ ಬೀನ್ಸ್ ಹಾಗೇ ನಿಂತಿತು. "ನೋಡ್ಕೊಳ್ಳೋರು?"

"ತಪ್ಪು ತಿಳ್ಕೋಬೇಡಿ. ನಮ್ಮ ಕಂಪನಿಯವರನ್ನೇ ಅಂದಿದ್ದು."

"ರೀ," ಅಂತ ನಿಯೋಮಾ ಒಳಗಿನಿಂದ ಕರೆದಳು. "ಸ್ವಲ್ಪ ಒಳಗೆ ಬನ್ನಿ."

"ಬಂದೆ," ಅಂದ. ಅಂದವನು ಎದ್ದು ಕೊಟ್ಟಿಗೆಗೆ ಹೋಗಿ ದೊಡ್ಡ ಪಾನಾ ತಂದ. ಬೇಡ ಬೇಡ ಅಂತ ಅವಳು ಜಗುಲಿಗೆ ಓಡಿ ಬರುವಷ್ಟರಲ್ಲಿ ಅವನು ಇಳಿಜಾರು ಹತ್ತಿಯಾಗಿತ್ತು. ಕೊಳವೆಗೆ ಕಿವಿಯಿಟ್ಟ. ಅಷ್ಟು ತಿಂಗಳು ಮುಚ್ಚಿದ್ದ ಬಾವಿ. ಒಳಗೆ ಒತ್ತಡ ಗಂಟಲವರೆಗೂ ಬಂದು ಕೂತಿತ್ತು. ಬಿಚ್ಚಿಯೇಬಿಟ್ಟ.

ನಾವಾಗ ಕೆಳಗಿನ ಬಯಲಿನಲ್ಲಿ ವಿಲ್ಡಾಳ ಜೊತೆ ಜೋಳದ ದಂಟಿನ ಗರಿ ಸವರುತ್ತಿದ್ದೆವು. ಗುಡ್ಡ ಒಮ್ಮೆಗೇ ಗುಡುಗಿತು. ಕಾಗೆಗಳೆಲ್ಲ ಎದ್ದವು. ಮರಗಳ ಮೇಲೆ ಬಿಳಿಯ ಹಬೆ ಕಂಡಿತು.

"ಎದ್ದಿತು ನೋಡು, ನಿಮ್ಮಣ್ಣನ ಮಲಗಿದ್ದ ಬಾವಿ—" ಅಂತ ಓಕಿ ನಗಲು ಹೊರಟವನು ವಿಲ್ಡಾಳ ಮುಖ ನೋಡಿ ಅಲ್ಲಿಗೇ ಬಾಯಿ ಮುಚ್ಚಿದ.

ಅವಳು ಮಚ್ಚನ್ನು ದಂಟಿನ ರಾಶಿಯ ಮೇಲಿಟ್ಟಳು. "ಇನ್ನು ಕೆಲವು ವಾರ ಇತ್ತಲ್ಲೋ ಓಕಿ," ಅಂದಳು. ಕೆಸರು ಬೂಟಿನಲ್ಲೇ ಗುಡ್ಡ ಹತ್ತತೊಡಗಿದಳು.

ಮೇಲೆ ಡೆನ್ಜಿಲ್ ನೆತ್ತಿಯಿಂದ ಪಾದದವರೆಗೆ ತುಕ್ಕುನೀರಿನಲ್ಲಿ ತೋಯ್ದು, ಮದುವಣಿಗನ ಹಾಗೆ ನಿಂತಿದ್ದ. "ಸತ್ತ ಹೆಣ ಹಿಂಗೆ ಕೂಗುತ್ತಾ ತಮ್ಮಾ?"

ರೀವ್ಸ್ ಟೋಪಿ ತೆಗೆದ. "ಇಲ್ಲ ಯಜಮಾನ್ರೆ. ಇದರಲ್ಲಿ ಒಂದು ಲೋಟ ಕಾಫಿ ಆಗುತ್ತಾ?"

"ಕಾಫಿ ಏನು ಕೇಳ್ತೀಯ, ಹಂದಿ ತೊಡೆ ಬೇಯಿಸಿ ಕಳಿಸ್ತೀನಿ."

ಮನೆಗೆ ಬಂದವರು ಕಾಫಿ ಕೇಳಿದರೆ ಇಲ್ಲವೆನ್ನುವ ರಿವಾಜು ನಮ್ಮಲ್ಲಿಲ್ಲ. ನಿಯೋಮಾ ಹಳೆಯ ಒಲೆ ಹಚ್ಚಿದಳು. ಹಳದಿ ಉರಿ ಬಂತು, ಕೊಳವೆಯೊಳಗಿನ ನೀರು ಚಿಟಿಚಿಟಿ ಅಂದಿತು, ಉರಿ ಬೆಕ್ಕಿನ ನಾಲಿಗೆಯಷ್ಟಾಯಿತು, ಪಾತ್ರೆಯ ನೀರು ಬೆಚ್ಚಗಾಗುವ ಮುಂಚೆಯೇ ಆರಿಹೋಯಿತು. ಗಂಡಸರಿಬ್ಬರೂ ಆ ಕಡೆ ಬೆನ್ನು ಮಾಡಿ ಕೂತು ಬಾವಿಯ ಮಾತಾಡುತ್ತಿದ್ದರು. ಬಂದವನ ಎದುರು ಗಂಡನ ಮುಖ ಸಣ್ಣದಾಗುವುದು ಬೇಡವೆಂದು ಅವಳು ಸದ್ದಿಲ್ಲದೆ ಪಾತ್ರೆ ಎತ್ತಿಕೊಂಡು ಹೋಗಿ ಉಗ್ರಾಣದ ಕರೆಂಟ್ ಒಲೆಯ ಮೇಲೆ ಕಾಫಿ ಮಾಡಿ ತಂದಳು. ರೀವ್ಸ್ ಎರಡು ಲೋಟ ಕುಡಿದು, ಚೆನ್ನಾಗಿದೆ ಅಂದು, ಹೊರಟ. ಗುಡ್ಡ ಹತ್ತಿ ಬರುತ್ತಿದ್ದ ವಿಲ್ಡಾ ಎದುರಾದಾಗ, ನಮ್ಮ ದಾರಿಗಳಲ್ಲಿ ಎಲ್ಲರೂ ಮಾಡುವಂತೆ, ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದ.

"ಯಾಕಣ್ಣ?" ಅಂದಳು ವಿಲ್ಡಾ.

"ಸತ್ತೋಯ್ತು ಅಂದ ಕಣೆ."

"ಅಂದ್ರೆ ಅನ್ಲಿ. ಅವನು ಅಂದಿದ್ದಕ್ಕೆ ನಿನಗೇನು ಬೊಕ್ಕೆ ಏಳ್ತಿತ್ತಾ?"

"ತಾತನ ಬಾವಿ ವಿಲ್ಡಾ."

"ಬಯಲು ನನ್ನದು."

ಅವಳು ಹೋದ ಮೇಲೆ ನಿಯೋಮಾ ಒಲೆ ಆರಿದ್ದನ್ನೂ ಕಾಫಿ ಎಲ್ಲಿ ಕಾದದ್ದೆಂಬುದನ್ನೂ ಅವನಿಗೆ ಹೇಳಿದಳು. ಅವನು ಕೇಳಿಸಿಕೊಂಡು, ನೀರಿನ್ನೂ ಪೂರ್ತಿ ಬಂದಿಲ್ಲ, ಇನ್ನೊಂದು ಸಲ ಊದಿದರೆ ಸರಿಯಾಗುತ್ತೆ ಅಂದನಂತೆ. ಊದಿದನೋ ಬಿಟ್ಟನೋ, ಆ ಬಾವಿಯ ಸದ್ದು ಮತ್ತೆ ನಮ್ಮ ಕಿವಿಗೆ ಬೀಳಲಿಲ್ಲ.

ಹಳೆಯ ಗುತ್ತಿಗೆ ಜೀವಂತವಿದೆ ಅಂತ ಕಂಪನಿಯಿಂದ ಕಾಗದ ಬಂತು. ಅಷ್ಟರಲ್ಲೇ ವಿಲ್ಡಾಳ ಬಯಲಿನಲ್ಲಿ ಗುಲಾಬಿ ಪಟ್ಟಿ ಕಟ್ಟಿದ ಅಳತೆಯ ಗೂಟಗಳು ಎದ್ದವು. ಡೆನ್ಜಿಲ್ ಟೋಪಿ ಕೈಯಲ್ಲಿ ಹಿಡಿದು ಕಂಪನಿಯ ಆಫೀಸಿಗೆ ಹೋದ. ಗುಡ್ಡದ ನೆತ್ತಿಯ ನನ್ನ ಹುಲ್ಲುಗಾವಲು ತಗೊಳ್ಳಿ, ಒಂದು ಕಾಸೂ ಬೇಡ ಅಂದ. ಅಲ್ಲಿಗೆ ಭಾರಿ ಲಾರಿ ಹತ್ತುವುದಿಲ್ಲ, ಮಟ್ಟವಾದ ನೆಲ ಕೆಳಗೇ ಇದೆಯಲ್ಲ ಅಂದರು.

ಯಂತ್ರ ಇಳಿಯುವ ಮುಂಚೆ ತೀರ್ಮಾನವಾಗಲಿ ಅಂತ ವಿಲ್ಡಾ ಕೂಡಲೇ ಕೋರ್ಟಿಗೆ ಹೋದಳು, ವಿಚಾರಣೆಯೂ ಬೇಗನೇ ಬಂತು. ಟೆನ್ನಂಟಮ್ಮ ಇನ್ನೂ ದಾರಿಯಿದೆ ಅಂದಿದ್ದರು. "ಒಂದು ಸಲ ಕೂಗಿದ ಮಾತ್ರಕ್ಕೆ ಬದುಕಿದೆ ಅಂತಲ್ಲ. ಒಲೆ ಉರಿಸೋಷ್ಟು ಗ್ಯಾಸ್ ಬಂತೋ ಇಲ್ವೋ, ಪ್ರಶ್ನೆ ಅಷ್ಟೇ. ಅದಕ್ಕೆ ಉತ್ತರ ಹೇಳಬೇಕಾದವರು ನಿಮ್ಮಣ್ಣ."

ವಿಚಾರಣೆಯ ದಿನ ಬೆಳಿಗ್ಗೆ ಅವನ ಕೋಟಿನ ಧೂಳು ಕೊಡವುತ್ತ ನಿಯೋಮಾ ಅಂದಳಂತೆ, "ಹಚ್ಚಿದ್ವಿ, ಆರಿಹೋಯ್ತು ಅಂತ ಇದ್ದದ್ದು ಇದ್ದಂಗೆ ಹೇಳಿ. ಅಷ್ಟು ಸಾಕು."

"ಹೂಂ," ಅಂದನಂತೆ.

ಕೋರ್ಟಿನಲ್ಲಿ ನಾನೂ ಓಕಿಯೂ ನಿಯೋಮಾಳ ಜೊತೆ ಹಿಂದಿನ ಬೆಂಚಿನಲ್ಲಿದ್ದೆವು. ಕಂಪನಿಯ ವಕೀಲ ಗದರಿಸುವವನಾಗಿದ್ದರೆ ಚೆನ್ನಾಗಿತ್ತು. ಡೆನ್ಜಿಲ್ ಗದರಿಸಿದವರಿಗೆ ಬಗ್ಗುವ ಆಸಾಮಿಯಲ್ಲ. ಇವನೋ ಬೆಣ್ಣೆಯಂಥ ಮುದುಕ. ಬಾವಿ ಎಷ್ಟು ಆಳ, ಒತ್ತಡ ಕೂತದ್ದು ಹೇಗೆ ಗೊತ್ತಾಗುತ್ತೆ, ಯಾರು ಕಲಿಸಿದರು ಅಂತ ಒಂದೊಂದಾಗಿ ಕೇಳಿದ. ಡೆನ್ಜಿಲ್ ಕುರ್ಚಿಯಲ್ಲಿ ಮುಂದೆ ಸರಿದ. ಅಪ್ಪ ಕಲಿಸಿದ್ದು, ಅಪ್ಪನಿಗೆ ತಾತ ಕಲಿಸಿದ್ದು ಎಲ್ಲ ಹೇಳಿದ. ಕೈಯಾಡಿಸಿ ತೋರಿಸಿದ. ಅಷ್ಟು ಜನ ಅವನ ಬಾವಿಯ ಕಥೆಗೆ ಕಿವಿಗೊಟ್ಟದ್ದು ಅದೇ ಮೊದಲು.

"ಇಂಥ ಕೆಲಸ ತಿಳಿದೋರು ಈಗ ಎಲ್ಲಿದಾರೆ," ಅಂದ ವಕೀಲ. "ಅವತ್ತು ಊದಿದ್ರಲ್ಲ, ಗ್ಯಾಸ್ ಹೇಗಿತ್ತು?"

ವಿಲ್ಡಾ ಅಣ್ಣನನ್ನೇ ನೋಡುತ್ತಿದ್ದಳು. ಅವನು ಅವಳನ್ನು ನೋಡಲಿಲ್ಲ.

"ಯಾವಾಗ್ಲೂ ಇದ್ದಂಗೇ ಇತ್ತು."

"ಒಲೆ ಉರೀತಾ?"

"ಉರೀದೆ ಏನು. ನಿಮ್ಮ ಹುಡುಗ ಎರಡು ಲೋಟ ಕಾಫಿ ಇಳಿಸಿಲ್ವಾ."

ಕೆಲವರು ನಕ್ಕರು. ನನ್ನ ಪಕ್ಕ ನಿಯೋಮಾ ತಲೆ ತಗ್ಗಿಸಿ ಮಡಿಲಿನ ಚೀಲದ ಹಿಡಿ ತಿರುಚತೊಡಗಿದಳು. ಟೆನ್ನಂಟಮ್ಮ ಎದ್ದು, ಎಷ್ಟು ಹೊತ್ತು ಉರಿಯಿತು ಅಂತ ಕೇಳಿದರು. "ಬೇಕಾದಷ್ಟು ಹೊತ್ತು," ಅಂದ. ಆಕೆ ನಿಯೋಮಾಳ ಕಡೆ ನೋಡಿದರು, ಆಮೇಲೆ ಬಗ್ಗಿ ವಿಲ್ಡಾಳ ಕಿವಿಯಲ್ಲಿ ಏನೋ ಕೇಳಿದರು. ವಿಲ್ಡಾ ಬೇಡವೆಂದು ತಲೆಯಾಡಿಸಿದಳು.

ಹೊರಗೆ ಮೆಟ್ಟಿಲ ಮೇಲೆ ಓಕಿ ತಡೆಯಲಾರದೆ ಕೇಳಿದ. "ಏನ್ಲಾ ನೀನು, ಸಣ್ಣಗೆ ಉರೀತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅವರು ಕೇಳಿದ್ದು ಬಾವಿ ವಿಷಯ ಕಣೋ," ಅಂದ ಡೆನ್ಜಿಲ್. ಅಂದ ಮೇಲೆ ಆ ಮಾತು ಅವನಿಗೇ ಕೇಳಿಸಿರಬೇಕು. ಕಂಬಿ ಹಿಡಿದುಕೊಂಡು ನಿಂತ.

ವಿಲ್ಡಾ ಸೋತಳು. ಕೊಯ್ಲು ಮುಗಿಯುವವರೆಗೂ ಕಾಯುವಷ್ಟು ಸೌಜನ್ಯ ಕಂಪನಿಗಿತ್ತು, ಅದನ್ನು ಹೇಳಬೇಕು. ಆಮೇಲೆ ಯಂತ್ರಗಳು ಇಳಿದವು. ಕಪ್ಪು ಮಣ್ಣನ್ನು ಹೆರೆದು ಹಳ್ಳದ ದಂಡೆಗೆ ಗುಡ್ಡೆ ಹಾಕಿದರು, ಅದರ ಜಾಗದಲ್ಲಿ ಜಲ್ಲಿ ಬಂತು. ಗ್ಯಾಸೂ ಧಾರಾಳವಾಗಿ ಬಂತು. ತಾತನ ಕರಾರಿನ ಎಂಟನೇ ಪಾಲೇ ವಿಲ್ಡಾಳಿಗೆ ತಿಂಗಳು ತಿಂಗಳು ಚೆಕ್ಕಾಗಿ ಬರುತ್ತಿತ್ತು. ಅದರಲ್ಲಿ ಮನೆಗೆ ಹೊಸ ಸೂರು ಹಾಕಿಸಿದಳು. ಇಲ್ಲವೆನ್ನುವಂತಿಲ್ಲ.

ಮುಂದಿನ ವಸಂತದಲ್ಲಿ ಡೆನ್ಜಿಲ್ ತನ್ನ ಹುಲ್ಲುಗಾವಲನ್ನು ಉತ್ತು ಸಿಹಿಜೋಳ ಬಿತ್ತಿದ. ಯಾರೂ ಹೇಳಿರಲಿಲ್ಲ. ಗುಡ್ಡದ ಮಣ್ಣು ತೆಳು. ಪೈರು ಸೊಂಟದೆತ್ತರಕ್ಕೆ ಬಂದು ನಿಂತಿತು. ಆಗಸ್ಟಿನಲ್ಲಿ ತಂಗಿಯನ್ನು ಕರೆದುಕೊಂಡು ಹೋಗಿ ತೋರಿಸಿದ. ಅವಳು ಒಂದು ದಂಟು ಮುರಿದು, ಅಗಿದು, ಉಗಿದಳು.

"ಹಸುಗಳಿಗೆ ಹಾಕು ಅಣ್ಣ."

ಆಗ ಅವನು ಹೇಳಿದ. ನಿಯೋಮಾ ಜೊತೆಗಿದ್ದಳು. "ವಿಲ್ಡಾ, ಅವತ್ತು ಒಲೆ ಉರೀಲಿಲ್ಲ ಕಣೆ. ಕಾಫಿ ಕಾಯ್ಸಿದ್ದು ಕರೆಂಟ್ ಒಲೇಲಿ."

"ಗೊತ್ತು. ನೀನು ಹೇಳ್ತಿದ್ದಾಗ ನಿಯೋಮಾ ತಲೆ ತಗ್ಗಿಸಿದ್ಲಲ್ಲ, ಆಗ್ಲೇ ಗೊತ್ತಾಯ್ತು. ವಕೀಲಮ್ಮನಿಗೂ ಗೊತ್ತಾಯ್ತು. ಅವಳನ್ನು ಕರೆದು ಕೇಳಲಾ ಅಂದ್ರು."

"ಮತ್ತೆ ಯಾಕೆ ಬೇಡ ಅಂದೆ?"

"ಹೆಂಡತಿ ಬಾಯಿಂದಲೇ, ಅಷ್ಟು ಜನರ ಮುಂದೆ, ನಮ್ಮಣ್ಣ ಸುಳ್ಳುಗಾರ ಅಂತ ಹೇಳಿಸಬೇಕಿತ್ತಾ?" ಅವಳು ದಂಟನ್ನು ಕೆಳಗೆ ಹಾಕಿದಳು. "ಮಾಡಬಹುದಿತ್ತು. ಎಷ್ಟೋ ಸಲ ಅನ್ಕೋತೀನಿ, ಮಾಡಬೇಕಿತ್ತು ಅಂತ."

ಡೆನ್ಜಿಲ್ ಏನೋ ಹೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ಬೇಡವೆಂದಳು. ಆಮೇಲೆ ಅವಳು, ಮಂಡಿ ನೋಯುತ್ತೆ, ಇಳಿಯೋವಾಗ ಕೈ ಕೊಡು ಅಂದಳಂತೆ.

ಗಾಣವನ್ನು ನದಿಯಾಚೆಯ ಓಹಾಯೋ ಸೀಮೆಯವನೊಬ್ಬ ಕೊಂಡುಕೊಂಡ. ಅದನ್ನು ಟ್ರಕ್ಕಿಗೆ ಹೇರುವ ದಿನ ನಾವು ಆರು ಮಂದಿ ಬೇಕಾಯಿತು. ಭಾರದ ಕಡೆಯನ್ನು ಡೆನ್ಜಿಲ್ ಹಿಡಿದ. ಆ ವಯಸ್ಸಿನಲ್ಲಿ ಹಿಡಿಯಬಾರದಿತ್ತು, ಯಾರು ಹೇಳಿದರೂ ಬಿಡಲಿಲ್ಲ. ಕೊಂಡವನು ಅದನ್ನು ನಡೆಸುವುದು ಹೇಗೆಂದು ಕೇಳಿದ. ರಸ ಯಾವಾಗ ತಿರುಗುತ್ತೆ, ನೊರೆ ಯಾವ ಬಣ್ಣಕ್ಕೆ ಬಂದಾಗ ಬೆಂಕಿ ತಗ್ಗಿಸಬೇಕು ಎಂಬುದನ್ನೆಲ್ಲ ವಿಲ್ಡಾ ಟ್ರಕ್ಕಿನ ಪಕ್ಕ ನಿಂತು ಬಿಡಿಸಿ ಬಿಡಿಸಿ ಹೇಳಿದಳು. ನೊರೆ ತೆಗೆಯುವ ಹುಟ್ಟನ್ನೂ ಅವನಿಗೇ ಕೊಟ್ಟಳು.